ಕಲ್ಲು ಮಣ್ಣು ಪ್ರಶ್ನೋತ್ತರ: ಅದಿರು ಊರು ಬಿಟ್ಟ ಮೇಲೆ

ಈ ಸಲ ಬಂದ ಪತ್ರಗಳು ಬಹುಮಟ್ಟಿಗೆ ಒಂದೇ ಸೀಮೆಯವು. ಬಳ್ಳಾರಿ, ರಾಯಚೂರು, ಕೊಪ್ಪಳದವರು ಕೂಡಿ ಮಾತಾಡಿಕೊಂಡು ಬರೆದಂತಿದೆ. ಅದಿರು, ಬೂದಿ, ಬೋರ್‌ವೆಲ್, ಕಾಲುವೆ ಎಲ್ಲವೂ ಇವೆ. ಯಾವ ಬೆರಳಿಗೆ ಯಾವ ಹರಳು ಎಂದು ಈ ಬಾರಿ ಯಾರೂ ಕೇಳಿಲ್ಲ, ಸಂತೋಷ. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದಾಗ ನಾನು ಉತ್ತರಕ್ಕಿಂತ ಪ್ರಶ್ನೆಗೇ ಹೆಚ್ಚು ಅಂಕ ಕೊಡುತ್ತಿದ್ದೆ ಎಂದು ಹಳೆಯ ವಿದ್ಯಾರ್ಥಿಗಳು ಇಂದಿಗೂ ದೂರುತ್ತಾರೆ. ಆ ಚಾಳಿ ಬಿಟ್ಟಿಲ್ಲ.

ಪ್ರಶ್ನೆ: ಮೇಡಂ, ನಮ್ಮೂರ ಅದಿರು ಸೂಕ್ಷ್ಮಜೀವಿಗಳಿಂದ ಆದದ್ದು ಎಂದು ನಮ್ಮ ಸರ್ ಹೇಳಿದರು. ನಿಜವೇ? ನಿಜವಾದರೂ ಅದರಿಂದ ನಮಗೆ ಆಗಬೇಕಾದದ್ದೇನು?
— ಪಿಯು ವಿದ್ಯಾರ್ಥಿ, ಸಂಡೂರು

ಉತ್ತರ: ನಿಮ್ಮ ಸರ್ ಸರಿಯಾಗಿಯೇ ಹೇಳಿದ್ದಾರೆ, ತಮ್ಮಾ. ಎರಡನೆಯ ಪ್ರಶ್ನೆಯನ್ನು ಸ್ವಲ್ಪ ಸೊಕ್ಕಿನಿಂದ ಕೇಳಿದ್ದೀಯ. ಅಂಕ ಮಾತ್ರ ಅದಕ್ಕೇ ಹೆಚ್ಚು.

ಮೊದಲು ಕಲ್ಲನ್ನು ನೋಡು. ದೋಣಿಮಲೈ ಕಡೆಗೋ ಕುಮಾರಸ್ವಾಮಿ ಬೆಟ್ಟದ ದಾರಿಯಲ್ಲೋ ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಪಟ್ಟೆ ಪಟ್ಟೆಯ ಕಲ್ಲು ಸಿಗುತ್ತದೆ. ಅಂಥದ್ದೊಂದು ತುಂಡು ನನ್ನ ಮೇಜಿನ ಮೇಲೆ ಇದೆ. ಫ್ಯಾನಿನ ಗಾಳಿಗೆ ನಿಮ್ಮ ಪತ್ರಗಳು ಹಾರದಂತೆ ಹಿಡಿದಿಡುವುದು ಅದರ ಕೆಲಸ. ಅಂಗೈಯಗಲದ ತುಂಡಿನಲ್ಲಿ ಕಪ್ಪಗೆ ಹೊಳೆಯುವ ಒಂದು ಗೆರೆ, ಪಕ್ಕದಲ್ಲಿ ಕೆಂಪು ಗೆರೆ, ಮತ್ತೆ ಕಪ್ಪು, ಮತ್ತೆ ಕೆಂಪು. ಕೆಲವು ಬೆರಳಿನಷ್ಟು ದಪ್ಪ, ಕೆಲವು ಉಗುರಿನಷ್ಟು ತೆಳು. ಟೈಲ್ಸಿನ ಹಿಂಬದಿಯ ಒರಟು ಮೈಗೆ ಕಪ್ಪು ಗೆರೆಯನ್ನು ಉಜ್ಜಿದರೆ ಬೀಳುವ ಗುರುತು ಕಪ್ಪಲ್ಲ, ಒಳ್ಳೆಯ ಕೆಂಪು. ಅದು ಹೆಮಟೈಟ್ ಎಂಬ ಕಬ್ಬಿಣದ ಖನಿಜ. ಕೆಂಪು ಗೆರೆಯದು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಅದರ ಮೇಲೆ ಚಾಕುವಿನಿಂದ ಗೀಚಿದರೆ ಕಲ್ಲಿಗೆ ಏನೂ ಆಗುವುದಿಲ್ಲ, ಚಾಕುವಿನ ಲೋಹವೇ ಕಲ್ಲಿಗೆ ಹತ್ತಿಕೊಳ್ಳುತ್ತದೆ. ಮನೆಯ ಹಳೆಯ ಚಾಕು ತೆಗೆದುಕೋ. ಅವ್ವನ ಹತ್ತಿರ ಬೈಸಿಕೊಂಡರೆ ನಾನು ಹೊಣೆಯಲ್ಲ.

ಈ ಪಟ್ಟೆಗಳು ಕೂಡಿಕೊಂಡದ್ದು ಸುಮಾರು 270 ಕೋಟಿ ವರ್ಷಗಳ ಹಿಂದೆ, ಸಮುದ್ರದ ತಳದಲ್ಲಿ. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಕರಗಿಕೊಂಡೇ ಇರುತ್ತದೆ. ಸಮುದ್ರತಳದ ಬಿಸಿನೀರಿನ ಬುಗ್ಗೆಗಳು ಅದನ್ನು ಹೊರಹಾಕುತ್ತಲೇ ಇದ್ದವು. ಅಂಥ ನೀರಿನಲ್ಲಿ ಬಿಸಿಲಿನ ಬಲದಿಂದ ಬದುಕುವ ಸೂಕ್ಷ್ಮಜೀವಿಗಳು ಹುಟ್ಟಿಕೊಂಡವು. ಅವು ಬಿಟ್ಟ ಆಮ್ಲಜನಕ ಕಬ್ಬಿಣಕ್ಕೆ ತಗುಲಿತು, ತುಕ್ಕು ತಳಕ್ಕೆ ಇಳಿಯಿತು. ಆಮ್ಲಜನಕದ ಹಂಗಿಲ್ಲದೆ ಕಬ್ಬಿಣವನ್ನೇ ನೇರವಾಗಿ ಬಳಸಿಕೊಂಡು ತುಕ್ಕು ಮಾಡುವ ಜೀವಿಗಳೂ ಇದ್ದವು. ಯಾರ ಪಾಲು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ, ಕಬ್ಬಿಣ ನುಂಗಿ ಮಿಕ್ಕ ಆಮ್ಲಜನಕ ಗಾಳಿಗೆ ಸೇರತೊಡಗಿತು. ಬಹುಕಾಲದ ನಂತರ ನೀರು ಸಿಲಿಕಾವನ್ನು ಕರಗಿಸಿಕೊಂಡು ಹೋದ ಕಡೆಗಳಲ್ಲಿ ಕಬ್ಬಿಣದ ಪ್ರಮಾಣ ಶೇ 60–65ಕ್ಕೆ ಏರಿತು. ಗಣಿಯವರು ಬೆನ್ನು ಹತ್ತುವುದು ಆ ಜಾಗಗಳನ್ನೇ.

ಇನ್ನು ನಿನ್ನ ಎರಡನೆಯ ಪ್ರಶ್ನೆ. ಇದೇ ಜಾತಿಯ ಕಲ್ಲು ಆಸ್ಟ್ರೇಲಿಯಾದ ಪಿಲ್ಬರಾದಲ್ಲಿದೆ, ಬ್ರೆಜಿಲ್‌ನ ಕರಾಜಾಸ್‌ನಲ್ಲಿದೆ. ವಯಸ್ಸೂ ಹೆಚ್ಚುಕಡಿಮೆ ನಮ್ಮದರಷ್ಟೇ. ಜಗತ್ತಿನ ಕಬ್ಬಿಣದ ಬಹುಪಾಲು ಈ ಪಟ್ಟೆ ಕಲ್ಲಿನಿಂದಲೇ ಬರುವುದರಿಂದ, ಒಂದು ಕಡೆಯ ಬೇಡಿಕೆ ಇನ್ನೊಂದು ಕಡೆಯ ಬೆಟ್ಟವನ್ನು ಅಲುಗಾಡಿಸುತ್ತದೆ. 2008ರ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಕಟ್ಟತೊಡಗಿತು. ನಿನ್ನ ಊರಿನ ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯದಾಯಿತು. ನೀನು ಆಗ ಹುಟ್ಟಿರಲಿಕ್ಕಿಲ್ಲ, ಮನೆಯ ಹಿರಿಯರನ್ನು ಕೇಳು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂದು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಆಮೇಲೆ ಮಿತಿ ಹಾಕಿ ಬಿಟ್ಟಿತು. 2022ರಲ್ಲಿ ಆ ಮಿತಿಯನ್ನು ಬಳ್ಳಾರಿಗೆ ವರ್ಷಕ್ಕೆ 3.5 ಕೋಟಿ ಟನ್‌ಗೆ ಏರಿಸಿತು.

ಉಳಿದವರ ಕಥೆಯೂ ಸುಖದ್ದಲ್ಲ. ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ 2019ರ ಜನವರಿ 25ರಂದು ಅದಿರು ತೊಳೆದ ಕೆಸರಿನ ಕಟ್ಟೆ ಒಡೆದು 270 ಜನ ಸತ್ತರು. ಪಿಲ್ಬರಾದ ಜೂಕನ್ ಕಣಿವೆಯಲ್ಲಿ, ಮನುಷ್ಯರು 46,000 ವರ್ಷಗಳ ಹಿಂದೆಯೇ ಬಾಳಿದ ಗುರುತಿದ್ದ ಗುಹೆಗಳನ್ನು ಅದಿರಿಗಾಗಿ 2020ರ ಮೇ ತಿಂಗಳಲ್ಲಿ ಸಿಡಿಸಿದರು. ಅದೂ ಕಾನೂನಿನ ಅನುಮತಿ ಪಡೆದೇ.

ಅದಿರು ತೂಕದ ಮೇಲೆ ಮಾರಾಟವಾಗುತ್ತದೆ. ಲಾರಿ ವೇಬ್ರಿಡ್ಜ್ ದಾಟಿದ ಮೇಲೆ ಹಿಂದೆ ಉಳಿಯುವ ಪುಡಿ, ಕೆಸರು, ಧೂಳು, ಗುಂಡಿಗಳನ್ನು ಯಾರೂ ತೂಗುವುದಿಲ್ಲ. ನಿನಗೆ ಆಗಬೇಕಾದದ್ದು ಇಲ್ಲಿದೆ. 2015ರಲ್ಲಿ ಗಣಿ ಕಾಯ್ದೆ ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬುದನ್ನು ಮಾಡಿದ್ದಾರೆ. ಹಳೆಯ ಗುತ್ತಿಗೆದಾರರು ರಾಯಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟನ್ನು ಅದಕ್ಕೆ ಕಟ್ಟಬೇಕು. ಗಣಿಯ ಸುತ್ತಲಿನ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಆ ಹಣ. ಹದಿನೆಂಟು ತುಂಬಿದ ಮೇಲೆ ನಿಮ್ಮ ಗ್ರಾಮಸಭೆಗೆ ಹೋಗಿ, ನಮ್ಮ ಊರಿನ ಪಾಲಿಗೆ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಕೇಳು. ಇದೇ ಸೊಕ್ಕಿನಿಂದ ಕೇಳು.

ಪ್ರಶ್ನೆ: ಯುರೋಪಿನವರು ನಮ್ಮ ಉಕ್ಕಿಗೆ ಇಂಗಾಲದ ಸುಂಕ ಹಾಕುತ್ತಾರಂತೆ. ಹೊಗೆ ಕುಡಿಯುವವರು ನಾವು, ಸುಂಕ ಎಣಿಸಿಕೊಳ್ಳುವವರು ಅವರು. ಇದೆಂಥ ನ್ಯಾಯ ಮೇಡಂ? ಕಲ್ಲಿದ್ದಲು ಇಲ್ಲದೆ ಉಕ್ಕು ಮಾಡಲು ಬರುವುದಿಲ್ಲವೇ?
— ಉಕ್ಕಿನ ಕಾರ್ಖಾನೆ ನೌಕರ, ಬಳ್ಳಾರಿ ಜಿಲ್ಲೆ

ಉತ್ತರ: ನ್ಯಾಯದ ಮಾತು ಆಮೇಲೆ, ಮೊದಲು ಕುಲುಮೆ. ಅದಿರಿನಲ್ಲಿ ಕಬ್ಬಿಣವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಬಿಡಿಸಲು ಕೋಕ್ ಬೇಕು, ಅಂದರೆ ಗಾಳಿ ತಾಗಿಸದೆ ಕಾಯಿಸಿದ ಕಲ್ಲಿದ್ದಲು. ಕೋಕ್‌ಗೆ ಅಲ್ಲಿ ಮೂರು ಕೆಲಸ: ಉರಿದು ಕಾವು ಕೊಡಬೇಕು, ಕಾರ್ಬನ್ ಮಾನಾಕ್ಸೈಡ್ ಆಗಿ ಅದಿರಿನ ಆಮ್ಲಜನಕವನ್ನು ಕಸಿಯಬೇಕು, ಕುಲುಮೆಗೆ ಸುರಿದ ರಾಶಿಯ ಭಾರವನ್ನು ತಾನು ಹೊತ್ತು ಗಾಳಿ ಮೇಲೇರಲು ದಾರಿ ಬಿಡಬೇಕು. ಈ ಮೂರನೆಯದಕ್ಕೆ ಗಟ್ಟಿಯಾಗಿ ನಿಲ್ಲುವ ಕೋಕ್ ಬೇಕು, ಅದಕ್ಕೆ ತಕ್ಕ ಕಲ್ಲಿದ್ದಲು ಎಲ್ಲ ಕಡೆ ಸಿಗುವುದಿಲ್ಲ. ಜಾರ್ಖಂಡಿನ ಝರಿಯಾದ ಕಲ್ಲಿದ್ದಲು ಕೋಕ್ ಆಗುತ್ತದೆ, ಆದರೆ ಬೂದಿ ಹೆಚ್ಚು. ಹಾಗಾಗಿ ನಮ್ಮ ದೇಶದ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲು ಹಡಗಿನಲ್ಲಿ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯಾದ್ದು. 2010ರ ಕೊನೆ ಮತ್ತು 2011ರ ಮೊದಲಲ್ಲಿ ಅಲ್ಲಿನ ಕ್ವೀನ್ಸ್‌ಲ್ಯಾಂಡಿನ ಗಣಿಗಳಿಗೆ ಪ್ರವಾಹದ ನೀರು ನುಗ್ಗಿದಾಗ ಜಗತ್ತಿನಾದ್ಯಂತ ಕೋಕಿಂಗ್ ಕಲ್ಲಿದ್ದಲಿನ ಬೆಲೆ ಜಿಗಿಯಿತು. ಅಲ್ಲಿ ಮಳೆ ಬಂದರೆ ಇಲ್ಲಿ ಕೊಡೆ ಹಿಡಿಯಬೇಕು.

ಜಗತ್ತಿನ ಸರಾಸರಿ ತೆಗೆದರೆ ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ನಮ್ಮ ದೇಶದಲ್ಲಿ ಇನ್ನೂ ಹೆಚ್ಚು. ಮನುಷ್ಯರು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಶೇ 7ಕ್ಕೂ ಹೆಚ್ಚು ಉಕ್ಕಿನ ಪಾಲು. ಯುರೋಪು 2023ರ ಅಕ್ಟೋಬರ್‌ನಿಂದ ತಾನು ಕೊಳ್ಳುವ ಉಕ್ಕಿನ ಹೊಗೆಯ ಲೆಕ್ಕ ಕೇಳತೊಡಗಿತು. 2026ರ ಜನವರಿಯಿಂದ ಅದಕ್ಕೆ ಬೆಲೆಯೂ ಬಿದ್ದಿದೆ. ಇಲ್ಲೇ ಇಂಗಾಲಕ್ಕೆ ಬೆಲೆ ತೆತ್ತಿದ್ದರೆ ಅಷ್ಟನ್ನು ಅಲ್ಲಿ ಕಳೆಯುತ್ತಾರೆ.

ಕಲ್ಲಿದ್ದಲಿಲ್ಲದೆ ಮಾಡಲು ಬರುತ್ತದೆ. ಆಮ್ಲಜನಕ ಕಸಿಯುವ ಕೆಲಸವನ್ನು ಹೈಡ್ರೋಜನ್‌ಗೆ ಕೊಟ್ಟರೆ ಕೊನೆಗೆ ಹೊಗೆಯ ಬದಲು ನೀರಿನ ಆವಿ ಬರುತ್ತದೆ. ಸ್ವೀಡನ್ನಿನವರು 2021ರಲ್ಲಿ ಅಂಥ ಉಕ್ಕನ್ನು ಮಾಡಿ ಗಿರಾಕಿಗೆ ಕೊಟ್ಟೂ ಆಗಿದೆ. ಆದರೆ ಒಂದು ಟನ್ ಉಕ್ಕಿಗೆ ಸುಮಾರು 50 ಕಿಲೋ ಹೈಡ್ರೋಜನ್ ಬೇಕು, ಪ್ರತಿ ಕಿಲೋ ಹೈಡ್ರೋಜನ್‌ಗೆ 50 ಯೂನಿಟ್‌ಗೂ ಹೆಚ್ಚು ವಿದ್ಯುತ್ತು, ಕನಿಷ್ಠ ಒಂಬತ್ತು ಲೀಟರ್ ಶುದ್ಧ ನೀರು. ಸ್ವೀಡನ್ನಿಗೆ ಜಲವಿದ್ಯುತ್ತು ಧಾರಾಳ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಕೊಪ್ಪಳದ ಕಡೆ ಗಾಳಿಯಂತ್ರಗಳೂ ತಿರುಗುತ್ತಿವೆ. ನೀರು ಮಾತ್ರ ತುಂಗಭದ್ರೆಯದು, ಅದರ ಒಂದೊಂದು ಟಿಎಂಸಿಗೂ ಮೂರು ರಾಜ್ಯಗಳು ಕಣ್ಣಿಟ್ಟಿವೆ.

ಸ್ವೀಡನ್ನಿನವರ ಸಂಪತ್ತೆಲ್ಲ ಸುಮ್ಮನೆ ಬಂದದ್ದೂ ಅಲ್ಲ. ಅವರ ಕಬ್ಬಿಣದ ಊರು ಕಿರುನಾ. ಗಣಿ ಊರಿನ ಅಡಿಗೇ ಬಂದು ನೆಲ ಕುಸಿಯತೊಡಗಿದ್ದರಿಂದ ಊರನ್ನೇ ಪಕ್ಕಕ್ಕೆ ಸರಿಸುತ್ತಿದ್ದಾರೆ. 1912ರ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ, ಗಾಲಿಗಳ ಮೇಲೆ ಸುಮಾರು ಐದು ಕಿಲೋಮೀಟರ್ ಸಾಗಿಸಿದರು.

ಇನ್ನು ನ್ಯಾಯ. ಎರಡು ಶತಮಾನ ಕಲ್ಲಿದ್ದಲು ಸುಟ್ಟು ಶ್ರೀಮಂತರಾದವರು ಈಗ ತಕ್ಕಡಿ ಹಿಡಿದು ಕೂತದ್ದು ನನಗೂ ಸರಿಕಾಣುವುದಿಲ್ಲ. ಹೊಗೆಗೆ ಲೆಕ್ಕ ಬಂದದ್ದನ್ನು ಮಾತ್ರ ತಪ್ಪೆನ್ನಲಾರೆ. ನನ್ನ ತಕರಾರು ಬೇರೆ: ಯುರೋಪು ಒಕ್ಕೂಟದ ಕಚೇರಿಯಿರುವ ಬ್ರಸೆಲ್ಸ್‌ನ ಆ ಲೆಕ್ಕದಲ್ಲಿ ಇಡೀ ಭೂಮಿಗೆ ಸೇರಿದ ಇಂಗಾಲ ಇದೆ, ನಿಮ್ಮ ಕ್ವಾರ್ಟರ್ಸ್‌ನ ಕಿಟಕಿಯ ಮೇಲೆ ಕೂತ ಧೂಳು ಇಲ್ಲ. ಅದನ್ನು ಅವರು ಕೇಳುವುದಿಲ್ಲ, ನೀವೇ ಕೇಳಬೇಕು.

ಪ್ರಶ್ನೆ: ಬೋರ್ ಹಾಕಿಸಬೇಕು. ವಾಸ್ತುವಿನವರು ಈಶಾನ್ಯ ಎನ್ನುತ್ತಾರೆ, ತೆಂಗಿನಕಾಯಿ ಹಿಡಿದು ನೋಡುವವರು ನೈಋತ್ಯ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಮಸ್ಕಿಯ ಓದುಗ

ಉತ್ತರ: ಈಶಾನ್ಯದಲ್ಲಿ ಬಂಡೆ ಬಿರುಕು ಬಿಟ್ಟಿದ್ದರೆ ಈಶಾನ್ಯ, ನೈಋತ್ಯದಲ್ಲಿ ಬಿಟ್ಟಿದ್ದರೆ ನೈಋತ್ಯ. ನಮ್ಮ ಗಟ್ಟಿ ಕಲ್ಲಿನಲ್ಲಿ ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ವಿದ್ಯುತ್ ರೋಧ ಅಳೆಯುವ ಉಪಕರಣ ತಂದು ನೋಡುವವರನ್ನು ಕರೆಯಿರಿ. ಅವರೂ ಒಮ್ಮೊಮ್ಮೆ ತಪ್ಪುತ್ತಾರೆ. ಯಾಕೆ ತಪ್ಪಿತೆಂದು ಮಾತ್ರ ಅವರನ್ನು ಕೇಳಬಹುದು. ತೆಂಗಿನಕಾಯಿಯನ್ನು ಚಟ್ನಿಗೆ ಬಳಸಿ.

ಪ್ರಶ್ನೆ: ನಮ್ಮೂರ ಹತ್ತಿರ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇದೆ ಅಕ್ಕಾ. ಮಾಳಿಗೆಯ ಮೇಲೆ ಸಂಡಿಗೆ ಇಟ್ಟರೆ ಸಂಜೆಯೊಳಗೆ ಬೂದಿ ಬೀಳುತ್ತದೆ. ಇಷ್ಟೊಂದು ಬೂದಿ ಎಲ್ಲಿಂದ? ಅದೇ ಬೂದಿಯ ಇಟ್ಟಿಗೆಯಲ್ಲಿ ಮನೆ ಕಟ್ಟಬೇಕೆಂದು ನಮ್ಮ ಯಜಮಾನರ ಹಟ. ಕಟ್ಟಬಹುದೇ?
— ಗೃಹಿಣಿ, ರಾಯಚೂರು ಜಿಲ್ಲೆ

ಉತ್ತರ: ಬೂದಿ ಒಲೆಯಲ್ಲಿ ಹುಟ್ಟಿದ್ದಲ್ಲ ತಾಯಿ, ಕಲ್ಲಿದ್ದಲಿನ ಜೊತೆಯಲ್ಲೇ ಹುಟ್ಟಿದ್ದು. ನಮ್ಮ ದೇಶದ ಕಲ್ಲಿದ್ದಲಿನ ಹೆಚ್ಚಿನ ಪಾಲು 25ರಿಂದ 30 ಕೋಟಿ ವರ್ಷಗಳ ಹಿಂದಿನ ಗೊಂಡ್ವಾನಾ ಕಾಲದ್ದು. ನದಿಗಳು ಗಿಡಮರಗಳನ್ನು ಕೊಚ್ಚಿ ತಂದು ತಗ್ಗಿಗೆ ತುಂಬಿದಾಗ ಅವುಗಳ ಜೊತೆ ಮಣ್ಣನ್ನೂ ಮರಳನ್ನೂ ತಂದವು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಮಣ್ಣು ಕಲ್ಲಿದ್ದಲಿನ ಕಣಕಣದಲ್ಲಿ ಬೆರೆತಿರುವುದರಿಂದ ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೂರು ಟನ್ ಸುಟ್ಟರೆ ಒಂದು ಟನ್ನಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೂದಿ ಉಳಿಯುತ್ತದೆ.

ಒಂದು ಮಾತು ನಮ್ಮವರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಶಕ್ತಿನಗರದಲ್ಲಿ ಮೊದಲ ಘಟಕ 1985ರಲ್ಲಿ ಶುರುವಾಯಿತು; ಇಂದು ಅಲ್ಲಿ 1720 ಮೆಗಾವಾಟ್, ಯರಮರಸ್‌ನಲ್ಲಿ 1600, ಬಳ್ಳಾರಿಯ ಕುಡುತಿನಿಯಲ್ಲಿ 1700. ಇಷ್ಟಾಗಿ ಇವುಗಳ ಕಲ್ಲಿದ್ದಲಿನಲ್ಲಿ ಒಂದು ಹಿಡಿಯೂ ನಮ್ಮ ನೆಲದ್ದಲ್ಲ. ನಮ್ಮದು 250 ಕೋಟಿ ವರ್ಷ ದಾಟಿದ ಬಂಡೆ. ಅದು ಆದಾಗ ನೆಲದ ಮೇಲೆ ಗಿಡವೇ ಇರಲಿಲ್ಲ. ಗಿಡವಿಲ್ಲದೆ ಕಲ್ಲಿದ್ದಲು ಎಲ್ಲಿಂದ ಬರಬೇಕು? ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಕಣಿವೆಯಿಂದ ರೈಲಿನಲ್ಲಿ ಬರುತ್ತದೆ. ವಿದ್ಯುತ್ತು ತಂತಿ ಹಿಡಿದು ಬೆಂಗಳೂರಿಗೆ ಹೋಗುತ್ತದೆ. ಒಡಿಶಾದ ಹಳೆಯ ಹೊಳೆಯ ಮಣ್ಣು ನಿಮ್ಮ ಸಂಡಿಗೆಯ ಮೇಲೆ ಕೂರುತ್ತದೆ.

ಇಟ್ಟಿಗೆಯ ವಿಷಯದಲ್ಲಿ ನಿಮ್ಮ ಯಜಮಾನರು ಗೆದ್ದರು. ಒಳ್ಳೆಯ ಕಡೆ ಮಾಡಿದ ಹಾರುಬೂದಿಯ ಇಟ್ಟಿಗೆ ಗಟ್ಟಿ, ಅಳತೆ ನೇರ, ಹೊಲದ ಮೇಲ್ಮಣ್ಣು ಕೂಡ ಉಳಿಯುತ್ತದೆ. ಕೊಳ್ಳುವ ಮುಂಚೆ ಒಂದನ್ನು ನೀರಿನಲ್ಲಿ ಒಂದು ದಿನ ನೆನೆಸಿ ಅಂಚು ಉದುರುತ್ತದೆಯೇ ನೋಡಿ. 2021ರ ಡಿಸೆಂಬರ್ 31ರ ಕೇಂದ್ರದ ಅಧಿಸೂಚನೆಯ ಪ್ರಕಾರ ಸ್ಥಾವರಗಳು ತಮ್ಮ ಬೂದಿಯನ್ನೆಲ್ಲ ಬಳಕೆಗೆ ಕೊಟ್ಟು ಮುಗಿಸಬೇಕು. ಕೆರೆಯಂತೆ ಕಟ್ಟಿದ ಬೂದಿ ಹೊಂಡದ ಹತ್ತಿರದ ಬಾವಿ ನೀರನ್ನು ಮಾತ್ರ ಪರೀಕ್ಷೆ ಮಾಡಿಸದೆ ಕುಡಿಯಬೇಡಿ, ಆರ್ಸೆನಿಕ್‌ನಂಥ ವಿಷಗಳು ನಿಧಾನವಾಗಿ ಸೋರುತ್ತವೆ. ಅಮೆರಿಕದ ಟೆನೆಸ್ಸಿಯ ಕಿಂಗ್‌ಸ್ಟನ್‌ನಲ್ಲಿ 2008ರ ಡಿಸೆಂಬರ್‌ನಲ್ಲಿ ಅಂಥ ಹೊಂಡದ ಒಡ್ಡು ಕಿತ್ತು ಬೂದಿ ಕೆಸರು ಹೊಳೆಗೂ ಮನೆಗಳಿಗೂ ನುಗ್ಗಿತು. ಬಳಿದು ತೆಗೆಯಲು ವರ್ಷಗಳೇ ಹಿಡಿದವು.

ಸಂಡಿಗೆಗೆ ಹಳೆಯ ಧೋತರ ಮುಚ್ಚಿ.

ಪ್ರಶ್ನೆ: ಅಮರೇಶ್ವರದ ಕಡೆ ಲಿಥಿಯಂ ಸಿಕ್ಕಿದೆಯಂತೆ. ನಮ್ಮದು ಅಲ್ಲೇ ಹತ್ತಿರ ನಾಲ್ಕು ಎಕರೆ. ದಲ್ಲಾಳಿಗಳು ದಿನಾ ಬರುತ್ತಿದ್ದಾರೆ. ಮಾರಲೇ, ಇಟ್ಟುಕೊಳ್ಳಲೇ?
— ಲಿಂಗಸುಗೂರು ತಾಲ್ಲೂಕಿನ ರೈತ

ಉತ್ತರ: ತೊಗರಿ ಬಿತ್ತಿರಿ, ಯಜಮಾನರೇ.

ನಿಮ್ಮ ಕಡೆಯ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಕಲ್ಲಿನಲ್ಲಿ ಲಿಥಿಯಂ ಇರುವ ಸ್ಪೊಡುಮಿನ್ ಖನಿಜ ಇರುವುದು ಸುಳ್ಳಲ್ಲ. ಇರುವುದು ಬೇರೆ, ಗಣಿ ಆಗುವುದು ಬೇರೆ. ಮಂಡ್ಯದ ಮರಳಗಾಲದಲ್ಲಿ ಸುಮಾರು 1,600 ಟನ್ ಎಂದು 2021ರಲ್ಲಿ ಸರ್ಕಾರ ಹೇಳಿದಾಗಲೂ ಇಷ್ಟೇ ಗದ್ದಲ. 2023ರ ಫೆಬ್ರವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅದಿರಿನ ಅಂದಾಜು ಬಂತು, ದೇಶವೇ ಕುಣಿಯಿತು. ಹರಾಜಿಗೆ ಇಟ್ಟರೆ ಸಾಕಷ್ಟು ಬಿಡ್‌ದಾರರೇ ಬರಲಿಲ್ಲ. ಲಿಥಿಯಂ ಸೇರಿ ಆರು ಖನಿಜಗಳನ್ನು 2023ರಲ್ಲಿ ಅಣುಖನಿಜಗಳ ಪಟ್ಟಿಯಿಂದ ತೆಗೆದದ್ದರಿಂದ ಖಾಸಗಿಯವರಿಗೆ ಬಾಗಿಲು ತೆರೆದಿದೆ, ನಿಜ. ಗುತ್ತಿಗೆ ಕೊಡುವುದು ಮಾತ್ರ ಸರ್ಕಾರ. ಅದು ದಲ್ಲಾಳಿಯ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಸ್ಕೂಟರ್ ಬ್ಯಾಟರಿಗೆ ಹೋಗುವ ಲಿಥಿಯಂ ಇಂದು ಹೆಚ್ಚಾಗಿ ಆಸ್ಟ್ರೇಲಿಯಾದ ಬಂಡೆಯಿಂದ, ಚಿಲಿಯ ಅಟಕಾಮಾ ಮರುಭೂಮಿಯ ಉಪ್ಪುನೀರಿನಿಂದ ಬರುತ್ತದೆ. ಅಟಕಾಮಾದವರು ಆ ನೀರನ್ನು ಬಿಸಿಲಿಗೆ ಆರಿಸಿಬಿಡುತ್ತಾರೆ. ಸುತ್ತಲಿನ ಊರಿನವರ ಜಗಳ ಅದೇ ನೀರಿಗೆ.

ನಿಮ್ಮ ನೆಲ ಹುಡುಕಿದವರಿಗೆ ಬೇರೆಯದನ್ನೂ ಕೊಟ್ಟಿದೆ. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್‌ಗೆ ಸಿಕ್ಕಿದ್ದು ಶಾಸನ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ ಅದು. ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಒಂದು ಟನ್ ಕಲ್ಲು ಅರೆದರೆ ಸಿಗುವ ಚಿನ್ನವನ್ನು ಗ್ರಾಂಗಳಲ್ಲಿ ಎಣಿಸಬೇಕು. ಉಳಿದ ಟನ್ನು ಅಲ್ಲೇ ಗುಡ್ಡವಾಗಿ ನಿಲ್ಲುತ್ತದೆ.

ಪ್ರಶ್ನೆ: ಅಕ್ಕನವರೇ, ಕಾಲುವೆ ನೀರು ಬಂದಾಗ ನಮ್ಮಪ್ಪ ಎರೆ ಹೊಲದಲ್ಲಿ ಭತ್ತ ಹಚ್ಚಿದರು. ಈಗ ತಗ್ಗಿನ ಎರಡು ಎಕರೆ ಬೆಳ್ಳಗೆ ಉಪ್ಪು ಉಕ್ಕಿ ಹುಲ್ಲೂ ಹುಟ್ಟುವುದಿಲ್ಲ. ಅಂಗಡಿಯವರು ಜಿಪ್ಸಂ ಹಾಕು ಎನ್ನುತ್ತಾರೆ.
— ಸಿಂಧನೂರಿನ ರೈತ

ಉತ್ತರ: ಮಣ್ಣು ಪರೀಕ್ಷೆ ಆಗುವ ತನಕ ಒಂದು ಚೀಲವನ್ನೂ ಕೊಳ್ಳಬೇಡಿ.

ಲೆಕ್ಕ ಹೀಗಿದೆ. ಕಾಲುವೆಯ ನೀರು ಸಿಹಿ ಎನ್ನುತ್ತೇವೆ, ಅದರಲ್ಲೂ ಲವಣ ಇರುತ್ತದೆ, ಹೊಳೆ ದಾರಿಯುದ್ದಕ್ಕೂ ಕಲ್ಲು ಕರಗಿಸಿಕೊಂಡೇ ಬರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಎಂದು ಹಿಡಿಯೋಣ. ಒಂದು ಬೆಳೆಗೆ ಎಕರೆಗೆ ಒಂದು ಮೀಟರ್ ನೀರು ಕಟ್ಟಿದರೆ ಸುಮಾರು 40 ಲಕ್ಷ ಲೀಟರ್. ಅದರೊಂದಿಗೆ ಹೊಲಕ್ಕೆ ಬಂದ ಲವಣ ಎಂಟು ಕ್ವಿಂಟಲ್. ನೀರು ಬಿಸಿಲಿಗೆ ಹೋಗುತ್ತದೆ, ಎಂಟು ಕ್ವಿಂಟಲ್ ಎಲ್ಲಿಗೆ ಹೋಗಬೇಕು? ಬಸಿದು ಹೋಗಲು ದಾರಿ ಇದ್ದರೆ ಹೋಗುತ್ತದೆ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ ಎಲ್ಲ ರಂಧ್ರಗಳನ್ನೂ ಮುಚ್ಚಿಬಿಡುತ್ತದೆ. ಒಳನೀರು ಮೇಲೇರುತ್ತದೆ, ಮೇಲ್ಮೈಯಲ್ಲಿ ಆರುತ್ತದೆ, ಉಪ್ಪನ್ನು ಬಿಡುತ್ತದೆ. ತುಂಗಭದ್ರಾ ಯೋಜನೆಯಲ್ಲಿ ಬಹುಪಾಲು ಜಮೀನಿಗೆ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಮಾಡಿದ್ದರು. ಮೇಲ್ಭಾಗದವರು ಭತ್ತ ಹಚ್ಚಿದರು. ಅವರಿಗೆ ಸವಳು, ಕೊನೆ ಭಾಗದವರಿಗೆ ಒಣ ಕಾಲುವೆ. ನಿಮ್ಮ ತಂದೆಯವರೊಬ್ಬರನ್ನೇ ದೂರಬೇಡಿ, ಭತ್ತಕ್ಕೆ ಬೆಲೆಯೂ ಅಕ್ಕಿ ಗಿರಣಿಯೂ ಇದ್ದವು, ಜೋಳಕ್ಕೆ ಇರಲಿಲ್ಲ.

ಇದು ಹಳೆಯ ರೋಗ. ಇಂದಿನ ಇರಾಕಿನ ಜಾಗದಲ್ಲಿದ್ದ ಸುಮೇರಿಯಾದ ರೈತರು ಕ್ರಮೇಣ ಗೋಧಿ ಬಿಟ್ಟು ಉಪ್ಪು ತಾಳುವ ಬಾರ್ಲಿಗೆ ತಿರುಗಿದರು ಎಂಬುದು ಅವರ ಮಣ್ಣಿನ ಫಲಕಗಳ ಲೆಕ್ಕ ಓದಿದ ಹಲವರ ತೀರ್ಮಾನ. ಪಾಕಿಸ್ತಾನದ ಸಿಂಧೂ ಕಾಲುವೆಗಳ ಕೆಳಗೆ, ಆಸ್ಟ್ರೇಲಿಯಾದ ಮರ್ರೆ ನದಿಯ ಬಯಲಿನಲ್ಲಿ ಇಂದಿಗೂ ಇದೇ ಗೋಳು.

ಈಗ ಮಾಡಬೇಕಾದದ್ದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಜವಳು ಮಣ್ಣಿನ ಮೇಲೆಯೇ ಕೆಲಸ ಮಾಡುವವರಿದ್ದಾರೆ, ಅವರಿಗೆ ಮಣ್ಣು ತೋರಿಸಿ. ಬರೀ ಲವಣ ಹೆಚ್ಚಿದ್ದರೆ ಜಿಪ್ಸಂ ದಂಡ. ಬಸಿಗಾಲುವೆ ತೆಗೆದು ಅಥವಾ ನೆಲದಡಿ ರಂಧ್ರದ ಪೈಪು ಹಾಕಿಸಿ ನೀರು ಬಸಿಯಬೇಕು, ಸಿಹಿನೀರಿನಿಂದ ತೊಳೆಯಬೇಕು. ಸೋಡಿಯಂ ಹೆಚ್ಚಾಗಿ ಮಣ್ಣು ಕರ್ಲಾಗಿದ್ದರೆ ಆಗ ಜಿಪ್ಸಂ, ಜೊತೆಗೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬೆಳೆದು ಮಣ್ಣಿಗೆ ಸೇರಿಸುವುದು. ಆಗಲೂ ಬಸಿಯಲು ದಾರಿ ಬೇಕೇ ಬೇಕು. ನಿಮ್ಮೊಬ್ಬರ ಬಸಿಗಾಲುವೆ ಪಕ್ಕದವರ ಹೊಲಕ್ಕೆ ಹೋಗಿ ನಿಲ್ಲುತ್ತದೆ, ಆದ್ದರಿಂದ ಹಳ್ಳದ ತನಕದವರೆಲ್ಲ ಒಟ್ಟಾಗಿ ಕೂಡಬೇಕು. ಕಷ್ಟದ ಭಾಗ ಅದೇ. ಮಣ್ಣು ಬೇಗ ಒಪ್ಪುತ್ತದೆ.

ಇನ್ನೊಂದು: ನೀರು ಮೊದಲಿನಷ್ಟು ಇನ್ನು ಬರುವುದಿಲ್ಲ. 1953ರಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಎಲ್ಲ ಹೂಳನ್ನೂ ಗಣಿಯ ತಲೆಗೆ ಕಟ್ಟುವವರಿದ್ದಾರೆ. ಜಲಾನಯನ ಮಲೆನಾಡಿನ ತನಕ ಹಬ್ಬಿದೆ. ಅಲ್ಲಿಂದ ಇಲ್ಲಿಯ ತನಕ ಉತ್ತ ಹೊಲಗಳ ಮೇಲ್ಮಣ್ಣೂ ಅದರಲ್ಲಿದೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ. ಪಾಲಕರು ಹಲ್ಲುಪುಡಿಯನ್ನು ಬೈಯುತ್ತಾರೆ. ಬೋರ್ ನೀರನ್ನು ಕುದಿಸಿ ಕುಡಿಸಿದರೆ ಸಾಕೇ?
— ಶಿಕ್ಷಕಿ, ಯಲಬುರ್ಗಾ ತಾಲ್ಲೂಕು

ಉತ್ತರ: ಕುದಿಸಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ.

ಕೊಪ್ಪಳದ ಗ್ರಾನೈಟ್ ಮತ್ತು ನೈಸ್ ಕಲ್ಲಿನ ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರಿನ್ ಇದೆ. ನೀರು ಬಂಡೆಯ ಬಿರುಕಿನಲ್ಲಿ ಎಷ್ಟು ಕಾಲ ಕೂತಿರುತ್ತದೋ ಅಷ್ಟು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ನಮ್ಮ ಒಣ ಸೀಮೆಯಲ್ಲಿ ಅದು ಸುಣ್ಣದ ಗಂಟಾಗಿ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಹೊಲದಲ್ಲಿ ಮಕ್ಕಳು ಆರಿಸುವ ಬಿಳಿಯ ಗಂಟುಕಲ್ಲು ಅದೇ. ತೆರೆದ ಬಾವಿಯ ಕಾಲದಲ್ಲಿ ವರ್ಷ ವರ್ಷದ ಮಳೆನೀರು ಕುಡಿಯುತ್ತಿದ್ದೆವು, ಬೋರ್ ಆಳಕ್ಕೆ ಇಳಿದಂತೆ ಬಹುಕಾಲ ಕಲ್ಲಿನ ಜೊತೆ ಕೂತ ನೀರನ್ನು ಎತ್ತುತ್ತಿದ್ದೇವೆ. ಪೂರ್ವ ಆಫ್ರಿಕಾದ ಬಿರುಕು ಕಣಿವೆಯ ಇಥಿಯೋಪಿಯಾ, ಕೀನ್ಯಾ, ತಾಂಜಾನಿಯಾದ ಮಕ್ಕಳ ಹಲ್ಲಿನಲ್ಲೂ ಇದೇ ಪಟ್ಟೆಗಳಿವೆ. ಅಲ್ಲಿ ಕಾರಣ ಜ್ವಾಲಾಮುಖಿಯ ಕಲ್ಲು.

ನಮ್ಮ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರ ತನಕ. ಹಲ್ಲಿನ ಹೊದಿಕೆ ರೂಪುಗೊಳ್ಳುವ ಸುಮಾರು ಎಂಟು ವರ್ಷದೊಳಗಿನ ಮಕ್ಕಳಿಗೆ ಮೊದಲು ನೀರು ಬದಲಿಸಿ. ಬಿದ್ದ ಪಟ್ಟೆ ಹೋಗುವುದಿಲ್ಲ, ಮೂಳೆಯನ್ನು ಇನ್ನೂ ಉಳಿಸಬಹುದು. ಶಾಲೆಯ ಚಾವಣಿಯ ಮಳೆನೀರು ಎಲ್ಲಕ್ಕಿಂತ ಅಗ್ಗ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಗೆ ತುಂಬಿಸಿ. ನದಿ ನೀರಿನ ಯೋಜನೆಯ ನಲ್ಲಿ ಇದ್ದರೆ ಅದು. ಆರ್‌ಒ ಘಟಕ ಇದ್ದರೆ ಫ್ಲೋರೈಡ್ ಹೋಗುತ್ತದೆ. ಅದರ ಹಿಂಬದಿಯ ಪೈಪಿನಿಂದ ಬರುವ ನೀರು ಎಲ್ಲಿಗೆ ಹೋಗುತ್ತಿದೆ ಎಂದೂ ಒಮ್ಮೆ ನೋಡಿ. ತೆಗೆದ ಫ್ಲೋರೈಡೆಲ್ಲ ಅದರಲ್ಲಿರುತ್ತದೆ. ಬೋರ್‌ನ ಪಕ್ಕದ ಗುಂಡಿಗೇ ಬಿಟ್ಟಿದ್ದರೆ ನಾಳೆ ಅದನ್ನೇ ಮತ್ತೆ ಎತ್ತುತ್ತೀರಿ.

ಪ್ರಶ್ನೆ: ಡ್ಯಾಂ ತುಂಬಿದರೆ ಭೂಕಂಪ ಆಗುತ್ತದೆಯೇ?
— ಮುನಿರಾಬಾದಿನ ಓದುಗ

ಉತ್ತರ: ಕೆಲವು ಕಡೆ ಆಗುತ್ತದೆ. ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರಂದು ಆದದ್ದು ಅಂಥದ್ದೇ. ಜಲಾಶಯದ ನೀರು ಮೊದಲೇ ಒತ್ತಡದಲ್ಲಿದ್ದ ಬಿರುಕಿಗೆ ಇಳಿದು ಅದನ್ನು ಜಾರಿಸಿತು. ತುಂಗಭದ್ರಾ 1953ರಿಂದ ತುಂಬುತ್ತಾ ಬಂದಿದೆ, ಅಂಥ ದೊಡ್ಡ ಕಂಪನ ಇಲ್ಲಿ ಆಗಿಲ್ಲ. ಇಲ್ಲಿ ಹೆದರಬೇಕಾದದ್ದು ಗೇಟಿನ ಸರಪಳಿಗೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದದ್ದನ್ನು ನೀವೇ ಕಂಡಿರಿ.

ಪ್ರಶ್ನೆ: ಬಿಎಸ್ಸಿಗೆ ಭೂವಿಜ್ಞಾನ ತೆಗೆದುಕೊಳ್ಳುವಾಸೆ. ಹೆಣ್ಣುಮಕ್ಕಳಿಗೆ ಕಲ್ಲು ಒಡೆಯುವ ಕೆಲಸ ಯಾಕೆ ಎಂದು ಮನೆಯಲ್ಲಿ ಬೇಡವೆನ್ನುತ್ತಾರೆ ಮೇಡಂ.
— ದೇವದುರ್ಗದ ವಿದ್ಯಾರ್ಥಿನಿ

ಉತ್ತರ: ತಂಗಿ, ನಮ್ಮ ಕಾಲದಲ್ಲಿ ಗಂಡುಹುಡುಗರು ಗಣಿಯೊಳಗೆ ಇಳಿದರೆ ನಾನು ಮೇಲೆ ಕಚೇರಿಯಲ್ಲಿ ಚಹಾ ಕುಡಿಯುತ್ತಾ ಕಾಯಬೇಕಿತ್ತು. 1952ರ ಗಣಿ ಕಾಯ್ದೆ ಹೆಂಗಸರಿಗೆ ನೆಲದಡಿಯ ಕೆಲಸವನ್ನು ನಿಷೇಧಿಸಿತ್ತು. ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲು ಹೊತ್ತು ಇಳಿಯಬಹುದೆಂದು 2019ರಲ್ಲಿ ಅನುಮತಿ ಬಂತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೂ ಕೇಂದ್ರ ಅಂತರ್ಜಲ ಮಂಡಳಿಗೂ ಯುಪಿಎಸ್‌ಸಿ ಒಂದೇ ಪರೀಕ್ಷೆ ನಡೆಸುತ್ತದೆ, ಎಂಎಸ್ಸಿ ಬೇಕು. ಅದಿರು ಸಂಸ್ಕರಣೆಯಲ್ಲಿ ಮನಸ್ಸಿದ್ದರೆ ಸಂಡೂರಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ವಿಚಾರಿಸಿ. ಮನೆಯವರಿಗೆ ನನ್ನ ಹೆಸರು ಹೇಳಿ, ಬೈಯುವುದಿದ್ದರೆ ನೇರವಾಗಿ ನನಗೇ ಬರೆಯಲಿ. ಸುತ್ತಿಗೆ ಆಮೇಲೆ ಕೊಂಡರಾಯಿತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವೊಂದನ್ನು ಮೊದಲು ಕೊಂಡು ನಿಮ್ಮ ಮನೆಯ ಹಾಸುಗಲ್ಲಿನಿಂದಲೇ ಶುರುಮಾಡಿ.